ಗಿಟಾರಿನ ಶುಗರ್

ಜಗದೀಶನ ಗಿಟಾರಿಗೂ ದಿನೇಶನ ಕೀಬೋರ್ಡಿಗೂ ಆಗಿಬರುವುದಿಲ್ಲ ಎಂಬುದು ಹೊನ್ನಾವರ ಬಂದರದ ಮೀನುಗಳಿಗೂ ಗೊತ್ತಿದ್ದ ಸಂಗತಿ. ಬೇರೆಬೇರೆಯಾಗಿ ಕೇಳಿದರೆ ಎರಡೂ ಸಂಭಾವಿತ ವಾದ್ಯಗಳೇ. ಒಟ್ಟಿಗೆ ಬಾರಿಸಿದರೆ ಮಾತ್ರ, ಅಕ್ಕಪಕ್ಕದ ಎರಡು ಮನೆಯವರು ಒಂದೇ ಧಾರಾವಾಹಿಯನ್ನು ಅರ್ಧ ಸೆಕೆಂಡು ಹಿಂದೆಮುಂದೆ ಹಾಕಿಕೊಂಡಂತೆ ಕೇಳುತ್ತಿತ್ತು.

ಜಗದೀಶ ಐಸ್ ಫ್ಯಾಕ್ಟರಿಯ ಗುಮಾಸ್ತ. ವಯಸ್ಸು ನಲವತ್ಮೂರು. ಕಾಲೇಜಿನಲ್ಲಿ ಕೊಂಡ ಗಿಟಾರು, ಕಾಲೇಜಿನಲ್ಲೇ ಕಂಡ ಕನಸು. ಎರಡಕ್ಕೂ ಒಮ್ಮೆಯೂ ವೇದಿಕೆ ಸಿಕ್ಕಿರಲಿಲ್ಲ. ಈಗ ದಿನೇಶನ ‘ಅಳಿವೆ ಮೆಲೋಡಿ’ ಆರ್ಕೆಸ್ಟ್ರಾದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಹಳೆಯ ಗಿಟಾರಿನವ ಸಂಜಯ ಮಾತಿಗೆ ಮಾತು ಬೆಳೆಸಿ ಬಿಟ್ಟುಹೋಗಿದ್ದ. ಬ್ಯಾನರಿನಲ್ಲಿ ‘ಗಿಟಾರ್’ ಎಂಬುದರ ಮುಂದೆ ಸಂಜಯನ ಹೆಸರಿನ ಮೇಲೆ ದಿನೇಶ ಬಿಳಿ ಟೇಪು ಅಂಟಿಸಿದ್ದ. ಮೂರು ತಿಂಗಳಿಂದ ಜಗದೀಶನ ಪ್ರಾಣ ಆ ಟೇಪಿಗೆ ಅಂಟಿಕೊಂಡಿತ್ತು. ಅದರ ಮೇಲೆ ತನ್ನ ಹೆಸರು ಬರೆದ ದಿನ ಸತ್ತರೂ ಚಿಂತೆಯಿಲ್ಲ ಎಂದು ಹೆಂಡತಿಯೆದುರು ಹೇಳಿದ್ದ.

“ಅಳಿವೆ ಮೆಲೋಡಿಯೋ, ಅಳುವೆ ಮೆಲೋಡಿಯೋ,” ಎಂದಿದ್ದಳು ಗಂಗಾ. “ಸಾಯೂ ಮೊದಲು ಗ್ಯಾಸ್ ಬುಕ್ ಮಾಡು.”

ಅವತ್ತು ಬೆಳಿಗ್ಗೆ ದಿನೇಶನ ಫೋನು ಬಂತು. ದಿನೇಶ ಫೋನಿನಲ್ಲೂ ಮೈಕಿನಲ್ಲಿ ಮಾತಾಡಿದಂತೆಯೇ ಮಾತಾಡುವವ. “ಹಲೋ, ಹಲೋ. ಭಟ್ಕಳದ ರಿಸೆಪ್ಶನ್ನಿಗೆ ಹನ್ನೆರಡಕ್ಕೆ ಹಾಜರಿರ್ಬೇಕು. ಮೊಬೈಲ್ ನೋಡ್ಕಂಡು ತಂತಿ ತಿರುಪೂ ನಿನ್ನ ನಾಟಕ ಸಾಕು. ಆ ಮೊಬೈಲು ಐಸ್ ಫ್ಯಾಕ್ಟರಿ ಮೋಟಾರು ಕೇಳಿ ಕೇಳಿ ಕೆಟ್ಟೋತು. ಶ್ರುತಿ ನೋಡೂಕೆ ಸಮಾ ಒಂದು ಟ್ಯೂನರ್ ತಕಂಡು ಬಾ. ಇವತ್ತೂ ಅಪಸ್ವರ ಬಂತಾ, ಸಂಜಯ ಅಲ್ಲೇ ಊಟಕ್ಕೆ ಬರ್ತಾ ಅವ್ನೆ. ಕೈ ತೊಳ್ಕಂಡು ಅವ್ನೇ ಕೂತ್ಕಣ್ತಾ.”

ಜಗದೀಶ ಫ್ಯಾಕ್ಟರಿಗೆ ರಜೆ ಹೇಳಿ, ಗಿಟಾರು ಬೆನ್ನಿಗೇರಿಸಿ, ಭಟ್ಕಳಕ್ಕೆ ಹೋಗಬೇಕಾದವ ಮೊದಲು ತದ್ವಿರುದ್ಧ ದಿಕ್ಕಿಗೆ, ಕುಮಟೆಯ ಬಸ್ಸು ಹತ್ತಿದ. ಅವನಿಗೆ ತಿಳಿದಂತೆ ಟ್ಯೂನರು ಸಿಗುವ ಅಂಗಡಿ ಇದ್ದದ್ದು ಅಲ್ಲೊಂದೇ.

ಅಂಗಡಿಯ ಸುಜಯ ಮೂರು ಬಗೆಯ ಟ್ಯೂನರುಗಳನ್ನು ಗಾಜಿನ ಮೇಲೆ ಸಾಲಾಗಿಟ್ಟ. “ಇದು ಡಬ್ಬಿ ನಮೂನಿದು. ಕಿವಿ ಅದೆ, ಕೇಳ್ತದೆ. ಇದು ಕಾಲಲ್ಲಿ ತುಳಿಯೂದು. ವಾಯರ್ ಹಾಕೂ ಗಿಟಾರಿಗೆ ಮಾತ್ರ, ನಿಮ್ಮ ಖಾಲಿ ಕಟ್ಟಿಗೆ ಗಿಟಾರಿಗಲ್ಲ. ಇದು ಕ್ಲಿಪ್ಪು. ತಲೆಗೆ ಕಚ್ಚಿಸೂದು.”

“ಯಾರ ತಲೆಗೆ?”

“ಗಿಟಾರಿಂದು ಮಾರಾಯ್ರೆ!”

ಜಗದೀಶ ಡಬ್ಬಿಯನ್ನು ಹಿಡಿದು ದಪ್ಪ ತಂತಿ ಮೀಟಿದ. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಡಬ್ಬಿ ಗಿಟಾರನ್ನು ಬಿಟ್ಟು ಬಸ್ಸಿನ ಶ್ರುತಿ ಸರಿಯಿದೆ ಎಂದು ಹಸಿರು ದೀಪ ಹಚ್ಚಿತು. ಎದುರಿನ ಮೀನು ಮಾರುವ ಹೆಂಗಸು “ಬಂಗ್ಡೇ...” ಎಂದು ಎಳೆದಳು. ಅದಕ್ಕೂ ಹಸಿರು. ಊರಿನಲ್ಲಿ ಶ್ರುತಿ ತಪ್ಪಿದವ ತಾನೊಬ್ಬನೇ ಎಂದು ಜಗದೀಶನಿಗೆ ಖಚಿತವಾಯಿತು.

ಹಾರ್ಮೋನಿಯಂ ರಿಪೇರಿಗೆ ಬಂದು ಕೂತಿದ್ದ ಮುದುಕರೊಬ್ಬರು, “ದೇವ್ರು ಎರಡು ಕಿವಿ ಎಂತಕ್ಕೆ ಕೊಟ್ಟದ್ದು?” ಎಂದರು.

“ಮಾಸ್ಕ್ ಸಿಕ್ಕಸೂಕೆ,” ಎಂದ ಸುಜಯ. ಆಮೇಲೆ ಕ್ಲಿಪ್ಪನ್ನು ಗಿಟಾರಿನ ತಲೆಗೆ ಕಚ್ಚಿಸಿದ. “ಇದ್ಕೆ ಕಿವಿ ಇಲ್ಲ. ಕಟ್ಟಿಗೆ ನಡುಗೂದು ಮಾತ್ರ ನೋಡ್ತದೆ. ಹೊರಗೆ ಭೂಕಂಪ ಆದ್ರೂ ಇದ್ಕೆ ಬೇಕಾಗಿಲ್ಲ.”

ಹೊರಗೆ ಮತ್ತೆ ಹಾರ್ನ್ ಆಯಿತು. ಕ್ಲಿಪ್ಪು ಕಮಕ್ ಕಿಮಕ್ ಎನ್ನಲಿಲ್ಲ. ಯಾರ ಮಾತೂ ಕಿವಿಗೆ ಹಾಕಿಕೊಳ್ಳದ ಇಂಥ ಸಂಗಾತಿಯನ್ನೇ ಜಗದೀಶ ಜೀವನವಿಡೀ ಹುಡುಕಿದ್ದ. ಮನೆಯಲ್ಲಿ ಒಬ್ಬಳಿದ್ದಾಳೆ ಎಂಬುದು ನೆನಪಾದದ್ದು ಆಮೇಲೆ.

“ಒಂದೇ ಮಾತು ನೆನಪಿಟ್ಕಣಿ,” ಎಂದ ಸುಜಯ. “ಆನ್ ಮಾಡೂವಾಗ ಮೂಲೆಲಿ ಒಂದು ಕ್ಷಣ ನಾನೂರ ನಲವತ್ತು ಅಂತ ಬರ್ತದೆ. ಅದೇ ಅಳತೆ. ಇಡೀ ಪ್ರಪಂಚ ಅದ್ಕೇ ಕೂಡ್ಸೂದು. ಹಿಂದೆ ಇಷ್ಟೇ ಇಷ್ಟು ಗುಂಡಿ ಅದೆ. ಅದನ್ನ ಒತ್ತಿದ್ರೆ ಅಳತೆನೇ ಬದಲಾಗ್ತದೆ. ಕೈ ಹಚ್ಬೇಡಿ.”

ಜಗದೀಶ ಕಣ್ಣು ಕಿರಿದು ಮಾಡಿ ನೋಡಿದ. ಅಂಕಿ ಇರುವೆಯಷ್ಟಿತ್ತು. ಕನ್ನಡಕ ಹಾಕಿದರೆ ಗಿಟಾರಿಸ್ಟ್ ಅಲ್ಲ, ಗುಮಾಸ್ತ ಎಂದು ಗೊತ್ತಾಗಿಬಿಡುತ್ತದೆಂದು ಅವನು ಅದನ್ನು ಮನೆಯಲ್ಲೇ ಬಿಟ್ಟುಬಂದಿದ್ದ. “ಆತು, ಆತು,” ಎಂದ.

ಭಟ್ಕಳದ ಬಸ್ಸು ತುಂಬಿತ್ತು. ಗಿಟಾರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಜಗದೀಶನಿಗೆ ಅರ್ಧ ಸೀಟು. ಮುಂದಿನ ಸೀಟಿನಲ್ಲಿ ಹಿರೇಗುತ್ತಿಯ ಗಣಪಿ ಎಂಬ ಮುದುಕಿ, ಅವಳ ಪಕ್ಕ ಸಂತೆಗುಳಿಯ ಮಾಸ್ತಿ. ಜಗದೀಶ ಹೊಸ ಯಂತ್ರವನ್ನು ಆನ್ ಮಾಡಿ ಮುದ್ದಾಗಿ ನೋಡುತ್ತಿದ್ದಂತೆ ಮಾಸ್ತಿ ಹಿಂದಕ್ಕೆ ತಿರುಗಿದ.

“ಓ, ಬೆರಳಿಗೆ ಹಾಕೂದು! ನಂಗೆ ಗೊತ್ತದೆ. ಕೋವಿಡ್ ಟೈಮಲ್ಲಿ ನಮ್ಮೂರಲ್ಲಿ ಮನೆಮನೆಗೆ ಹೋಗಿ ಕಚ್ಚಿಸಿದ್ದು ನಾನೇ.”

“ಇದು ಅದಲ್ಲ. ಇದು ಗಿಟಾರಿಂದು,” ಎಂದ ಜಗದೀಶ.

“ಗಿಟಾರಿಗೆ ಎಂತ ಆತು?” ಎಂದಳು ಗಣಪಿ, ಮರುಕದಿಂದ.

ಉತ್ತರ ಕೊಡುವ ಮೊದಲೇ ಕಂಡಕ್ಟರ್ ಬಂದ. “ಯಾರ್ರೀ ಇದು ಕಿಟಕಿಲಿ ಕೂತವ್ರು? ಟಿಕೆಟ್ ಎಲ್ಲಿ? ಜನ ನಿಂತ್ಕಂಡವ್ರೆ, ಇವ್ರ ತಂಬೂರಿ ಗಾಳಿ ತಿನ್ಕಂಡು ಕೂತದೆ!”

“ತಂಬೂರಿ ಅಲ್ಲ...”

“ಎಂತದಾದ್ರೂ ಆಗ್ಲಿ. ಹಿಂದೆ ಇಡಿ.”

ಜಗದೀಶ ಎರಡೂ ಕೈಯಲ್ಲಿ ಗಿಟಾರನ್ನೆತ್ತಬೇಕಾದ್ದರಿಂದ ಟ್ಯೂನರನ್ನು ಮಾಸ್ತಿ ತಾನಾಗಿಯೇ ಇಸಿದುಕೊಂಡ. ಕಾಲು, ಚೀಲ, ಬೈಗುಳಗಳನ್ನು ದಾಟುತ್ತ ಹಿಂದಕ್ಕೆ ಹೋಗುವಾಗ ಜಗದೀಶನಿಗೆ ಗಣಪಿಯ ಕೂಗು ಕೇಳಿಸಿತು: “ಅಯ್ಯಯ್ಯೋ! ನಾನೂರ ನಲವತ್ತಾ? ಇದು ಶುಗರ್ರೇಯ!”

ಜಗದೀಶ ತಿರುಗಿ ನೋಡಿದ. ಕ್ಲಿಪ್ಪು ಗಣಪಿಯ ತೋರುಬೆರಳು ಕಚ್ಚಿಕೊಂಡಿತ್ತು. “ಅಜ್ಜೀ, ಅದು ಶುಗರಲ್ಲ!” ಎಂದು ಕೂಗಿದ. ಬಸ್ಸು ರಸ್ತೆಯ ಗುಂಡಿಗೆ ಇಳಿಯಿತು. ಗಿಟಾರು ಯಾರದೋ ತಲೆಗೆ ಬಡಿಯಿತು. ಆ ತಲೆಯವ ಇವನ ಮನೆತನ ವಿಚಾರಿಸತೊಡಗಿದ. ಗಿಟಾರನ್ನು ಹಿಂದೆ ನಿಲ್ಲಿಸಿ, ಕ್ಷಮೆ ಕೇಳಿ, ಮರಳಿ ಬರುವಷ್ಟರಲ್ಲಿ ಮುಂದೆ ಎಲ್ಲ ಶಾಂತವಾಗಿತ್ತು. ಗಣಪಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ಹೆದರೂದೆಂತಕ್ಕೆ? ಕಮ್ಮಿ ಆತು,” ಎಂದು ಮಾಸ್ತಿ ಯಂತ್ರವನ್ನು ಮರಳಿ ಕೊಟ್ಟ, ಗೆದ್ದ ವೈದ್ಯನ ಗತ್ತಿನಲ್ಲಿ.

ಗಾಬರಿ ಕಮ್ಮಿ ಆಯಿತೆಂದು ಜಗದೀಶ ತಿಳಿದ. “ಅಜ್ಜೀ, ಇದು ಶುಗರ್ ನೋಡೂದಲ್ಲ. ನೀವು ಡಾಕ್ಟರಿಗೇ ತೋರ್ಸಿ.”

“ಅಲ್ಲಿಗೇ ಹೊರಟಿದ್ದೆ ತಮಾ,” ಎಂದಳು ಗಣಪಿ, ಜಗತ್ತಿನ ಮೇಲೆಯೇ ಪ್ರೀತಿ ಹುಟ್ಟಿದವಳಂತೆ.

ಭಟ್ಕಳದ ಮದುವೆ ಹಾಲಿನಲ್ಲಿ ಬ್ಯಾನರು ಕಟ್ಟಿಯಾಗಿತ್ತು. ಬಿಳಿ ಟೇಪು ಖಾಲಿಯಾಗಿ ಹೊಳೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಸಂಜಯ ಕಾಲ ಮೇಲೆ ಕಾಲು ಹಾಕಿ, ತಂಪು ಪಾನೀಯ ಹೀರುತ್ತ, ಇನ್ನೊಬ್ಬರ ಶ್ರಾದ್ಧಕ್ಕೆ ಬೇಗ ಬಂದವನಂತೆ ಕೂತಿದ್ದ. ಸ್ಪೀಕರಿನವ “ಚೆಕ್, ಚೆಕ್” ಎನ್ನುತ್ತಿದ್ದ, ಜನರೇಟರು ಗುಡುಗುತ್ತಿತ್ತು. ಜಗದೀಶ ಕ್ಲಿಪ್ಪು ಕಚ್ಚಿಸಿ, ಬಿರಡೆ ತಿರುಪಿ, ಆರೂ ತಂತಿಗಳಿಗೆ ಹಸಿರು ದೀಪ ಬರಿಸಿದ. ದೇವರ ಹೆಸರು ಹೇಳಿ ಮೊದಲ ಹಾಡಿಗೆ ಕೈಯಿಟ್ಟ.

ಗಿಟಾರೂ ಕೀಬೋರ್ಡೂ ಹಾಲಿಗೆ ಸಕ್ಕರೆ ಬಿದ್ದಂತೆ ಬೆರೆತುಹೋದವು. ದಿನೇಶನ ಕೈ ಒಮ್ಮೆ ತಡೆದು ನಿಂತಿತು. ತಿರುಗಿ ನೋಡಿದ. ಮೂರು ತಿಂಗಳಲ್ಲಿ ಮೊದಲ ಸಲ ಅವನ ಹಲ್ಲುಗಳು ಜಗದೀಶನಿಗೆ ಕಂಡವು. ಎರಡನೆಯ ಹಾಡಿಗೆ ಚಪ್ಪಾಳೆ, ಮೂರನೆಯದಕ್ಕೆ ಶಿಳ್ಳೆ, ನಾಲ್ಕನೆಯದಕ್ಕೆ ಮದುಮಗನ ಸೋದರಮಾವನೇ ಕುಣಿದ.

ಊಟದ ಬಿಡುವಿನಲ್ಲಿ ದಿನೇಶ ಮಾರ್ಕರ್ ತೆಗೆದ. ಟೇಪಿನ ಮೇಲೆ ‘ಜಗದೀ’ ಎಂದು ಬರೆಯುವಷ್ಟರಲ್ಲಿ ಮಾರ್ಕರ್ ಒಣಗಿತು. “ಉಳ್ದ ‘ಶ’ ಆಮೇಲೆ ಬರೀತೆ. ಹೆದ್ರಬೇಡ, ನೀನು ಪರ್ಮನೆಂಟು,” ಎಂದ. “ಕಡೇ ಹಾಡು ನಿನ್ನ ಗಿಟಾರಿಂದ್ಲೇ ಶುರು. ಹುಡುಗಿ ಚಿಕ್ಕಪ್ಪ ಇಡೀ ಸೀಸನ್ ಬುಕ್ ಮಾಡೂವವ. ಮರ್ಯಾದೆ ಕಳೀಬೇಡ.”

ಜಗದೀಶ ಅರ್ಧ ಊಟಕ್ಕೇ ಎದ್ದುಬಂದ. ಹಾಡಿನ ಚೀಟಿ ಓದಲು ನೋಡಿದರೆ ಅಕ್ಷರಗಳು ಈಜುತ್ತಿದ್ದವು. ಪಕ್ಕದಲ್ಲಿ ಬಂದು ನಿಂತ ಸಂಜಯ ತನ್ನ ಕನ್ನಡಕ ತೆಗೆದುಕೊಟ್ಟ.

“ತಕಣಿ ಜಗ್ಗಣ್ಣಾ. ಭಾರೀ ಲಾಯಕ್ ಬಾರ್ಸಿದ್ರಿ. ಹೊಸಾ ಟ್ಯೂನರಾ? ನಾನೂರ ನಲವತ್ತಕ್ಕೇ ಇಟ್ಟಿರಲ್ದಾ? ಒಂದ್ಸಲ ನೋಡ್ಕಣಿ.”

ಎಷ್ಟು ಒಳ್ಳೆಯವ ಎಂದುಕೊಂಡು ಜಗದೀಶ ಟ್ಯೂನರನ್ನು ಆನ್ ಮಾಡಿದ. ಮೂಲೆಯ ಇರುವೆ ಕನ್ನಡಕದಲ್ಲಿ ಕಟ್ಟಿರುವೆಯಾಗಿ ಕಂಡಿತು: ನಾನೂರ ಮೂವತ್ನಾಲ್ಕು.

ಅವನ ಬೆನ್ನಲ್ಲಿ ಐಸ್ ಫ್ಯಾಕ್ಟರಿಯ ನೀರು ಹರಿಯಿತು. ‘ಕಮ್ಮಿ ಆತು.’ ಮಾಸ್ತಿ ಗುಂಡಿ ಒತ್ತಿ ಒತ್ತಿ ಗಣಪಿಯ ಶುಗರ್ ಇಳಿಸಿದ್ದ!

“ಆರು ಕಮ್ಮಿ ಅದೆ,” ಎಂದ ಜಗದೀಶ, ಸಣ್ಣ ದನಿಯಲ್ಲಿ.

“ಛೆ ಛೆ,” ಎಂದ ಸಂಜಯ. “ತಪ್ಪಿದ್ದೇ ಇಷ್ಟು ಚಂದ ಕೇಳ್ತು ಅಂದ್ರೆ, ಸರಿ ಮಾಡಿದ್ರೆ ಹೆಂಗೆ ಕೇಳೂದೋ!”

ಗುಮಾಸ್ತನ ಎದೆಗೆ ಆ ಮಾತು ನೇರ ಇಳಿಯಿತು. ತಪ್ಪು ಕಣ್ಣಿಗೆ ಬಿದ್ದ ಮೇಲೆ ತಿದ್ದದೇ ಬಿಡುವ ಅಭ್ಯಾಸ ಅವನಿಗಿರಲಿಲ್ಲ. ಗುಂಡಿ ಒತ್ತಿ ಒತ್ತಿ ನಾನೂರ ನಲವತ್ತಕ್ಕೆ ತಂದ. ಆರೂ ತಂತಿಗಳ ಕಿವಿ ಹಿಂಡಿ ಹೊಸ ಹಸಿರಿಗೆ ಕೂಡಿಸಿದ. ಇಡೀ ಪ್ರಪಂಚದೊಂದಿಗೆ ಶ್ರುತಿಗೂಡಿ ವೇದಿಕೆ ಹತ್ತಿದ.

ಗಿಟಾರು ಒಂಟಿಯಾಗಿ ನುಡಿದ ಮೊದಲ ನಾಲ್ಕು ಸಾಲು ಮುತ್ತು. ಐದನೆಯದಕ್ಕೆ ಕೀಬೋರ್ಡು ಬಂದು ಸೇರಿತು. ಸೇರಲಿಲ್ಲ. ಮದುಮಗಳು ಹಲ್ಲುನೋವು ಬಂದವಳಂತೆ ಕೆನ್ನೆ ಹಿಡಿದಳು. ಹಾಡುವವಳು ಯಾರ ಹಿಂದೆ ಹೋಗುವುದೆಂದು ತಿಳಿಯದೆ ಇಬ್ಬರನ್ನೂ ಬಿಟ್ಟು ಮೂರನೆಯ ಶ್ರುತಿ ಹಿಡಿದಳು. ಸೀಸನ್ ಬುಕ್ ಮಾಡಬೇಕಾದ ಚಿಕ್ಕಪ್ಪ ಐಸ್‌ಕ್ರೀಮಿನ ಕಡೆ ಎದ್ದುಹೋದ.

ದಿನೇಶ ಹಾಡು ನಿಲ್ಲಿಸಿದ. ಮೈಕಿನಲ್ಲೇ ಕೇಳಿದ: “ಊಟದಲ್ಲಿ ಎಂತ ತಿಂದ್ಯಾ?”

“ಈಗ್ಲೇ ಸರಿ ಇರೂದು,” ಎಂದ ಜಗದೀಶ. “ಆಗ ಟ್ಯೂನರು ತಪ್ಪಿತ್ತು. ದಿನೇಶಣ್ಣಾ, ನಿಮ್ಮ ಕೀಬೋರ್ಡು...”

ಡ್ರಮ್ಮಿನವ ಕೈಯ ಕೋಲು ಬೀಳಿಸಿದ. ಹಾಡುವವಳು ಕಣ್ಣು ಮುಚ್ಚಿಕೊಂಡಳು.

“ನನ್ನ ಕೀಬೋರ್ಡು?” ಎಂದ ದಿನೇಶ. “ಹನ್ನೆರಡು ವರ್ಷ ಆತು ಇದ್ರಲ್ಲಿ ಬಾರಿಸೂಕೆ ಹಿಡ್ದು. ಇವತ್ತಿಗೂ ಒಬ್ಬ ಒಂದು ಮಾತು ಅಂದವನಲ್ಲ. ಸಂಜಯಾ, ಕೈ ತೊಳ್ದಾತಾ? ಬಾ ಮೇಲೆ.”

ಸಂಜಯ ಮೇಲೆ ಬಂದ. ಅವನಲ್ಲಿ ವಾದ್ಯವಿರಲಿಲ್ಲ, ಜಗದೀಶನ ಗಿಟಾರನ್ನೇ ಇಸಿದುಕೊಂಡ. ಟ್ಯೂನರನ್ನು ತಲೆಯಿಂದ ಕಿತ್ತು ಜಗದೀಶನ ಜೇಬಿಗೆ ಹಾಕಿದ. ಕೀಬೋರ್ಡಿನ ಒಂದು ಮನೆ ಒತ್ತಿ ಕೇಳಿ, ಆರೂ ತಂತಿಗಳನ್ನು ಕೂದಲೆಳೆಯಷ್ಟು ಸಡಿಲಿಸಿದ. ಬಾರಿಸಿದ. ಹಾಲಿಗೆ ಮತ್ತೆ ಸಕ್ಕರೆ ಬಿತ್ತು.

ದಿನೇಶ ಟೇಪು ಕಿತ್ತ. ಅಡಿಯಲ್ಲಿ ಸಂಜಯನ ಹೆಸರು ಅಚ್ಚಾದ ದಿನದಷ್ಟೇ ಹೊಸದಾಗಿತ್ತು.

ಕಾರ್ಯಕ್ರಮ ಮುಗಿದು ಗಿಟಾರು ಮರಳಿಸುವಾಗ ಸಂಜಯ ತನ್ನ ಕನ್ನಡಕವನ್ನೂ ನೆನಪಿನಿಂದ ಇಸಿದುಕೊಂಡ. “ಆ ಕೀಬೋರ್ಡು ಒಂದು ಸಲ ಹೊಳೆ ದಾಟೂ ಬಾರ್ಜಿಂದ ನೀರಿಗೆ ಬಿದ್ದಿತ್ತು ಜಗ್ಗಣ್ಣಾ. ಅವತ್ತಿಂದ ಅದು ಆರು ಕಮ್ಮಿಯೇ. ನಾವೆಲ್ಲ ಅದ್ಕೇ ಇಳ್ಸಿಕಣ್ತೆವು. ದಿನೇಶಣ್ಣಂಗೆ ಹೇಳ್ದವ ಯಾವನೂ ಉಳೀಲಿಲ್ಲ, ಅದ್ಕೆ ಯಾರೂ ಹೇಳೂದಿಲ್ಲ.”

“ನಿಂಗೆ ಗೊತ್ತಿತ್ತಾ?”

“ನಾನು ಬಿಟ್ಟದ್ದೇ ಅದನ್ನ ಹೇಳಿ.”

ಹಾಗಾದರೆ ಮೂರು ತಿಂಗಳಿಂದ ತನ್ನ ಮೊಬೈಲು ನಿಜವನ್ನೇ ಹೇಳುತ್ತಿತ್ತು ಎಂದು ಜಗದೀಶನಿಗೆ ಹೊಳೆಯಿತು. ಆ ನಿಜ ಈಗ ಜೇಬಿನಲ್ಲಿ ಎರಡೆರಡಾಗಿತ್ತು.

ಐದು ಗಂಟೆಯ ಕುಮಟಾ ಬಸ್ಸಿನಲ್ಲಿ ಜನ ಕಡಿಮೆ. ಗಿಟಾರಿಗೆ ಮತ್ತೆ ಕಿಟಕಿ ಸಿಕ್ಕಿತು. ಮುರ್ಡೇಶ್ವರದ ತಿರುವು ದಾಟುವಾಗ ಮುಂದಿನ ಸೀಟಿನಿಂದ ಪರಿಚಯದ ತಲೆಯೊಂದು ತಿರುಗಿತು.

“ತಮಾ, ನೀನೇಯಾ!” ಎಂದಳು ಗಣಪಿ. “ನಿನ್ನ ಮಿಷನ್ನಿಂದ ಉಪಕಾರ ಆತು. ಶುಗರ್ ಇಳ್ದ ಮೇಲೆ ಡಾಕ್ಟರಿಗೆ ಎಂತಕ್ಕೆ ತೋರ್ಸೂದು ಅಂತ ಸೀದಾ ಮಗಳ ಮನೆಗೆ ಹೋದೆ. ನಾಕು ಹೋಳಿಗೆ ತಿಂದೆ. ಪಾಯಸನೂ ಕುಡ್ದೆ. ಮತ್ತೊಂದ್ಸಲ ನೋಡಾ.”

“ಅಜ್ಜೀ, ಇದು ಗಿಟಾರಿಂದು...”

“ಹೌದಾ, ಗಿಟಾರಿಂದೇ. ನೋಡು ಅಂದೆ.”

ವಾದಿಸುವ ಶಕ್ತಿ ಜಗದೀಶನಲ್ಲಿ ಉಳಿದಿರಲಿಲ್ಲ. ನಾಳೆಯೇ ಡಾಕ್ಟರಿಗೆ ತೋರಿಸಬೇಕೆಂದು ಅವಳಿಂದ ಆಣೆ ಹಾಕಿಸಿಕೊಂಡು ಕ್ಲಿಪ್ಪು ತೆಗೆದ. ಬೆರಳು ಅದಾಗಲೇ ಅವನ ಮೂಗಿನ ಎದುರಿತ್ತು. ಕಚ್ಚಿಸಿ ಆನ್ ಮಾಡಿದ. ಗಣಪಿಯ ಕಣ್ಣು ಮಾತ್ರ ಇನ್ನೂ ಚುರುಕು. ಇರುವೆಯನ್ನು ಅವಳೇ ಓದಿದಳು.

“ಅಯ್ಯೋ ದೇವ್ರೇ! ಮತ್ತೆ ನಾನೂರ ನಲವತ್ತಕ್ಕೆ ಏರ್ತಲ್ಲೋ!”

“ಹೌದಜ್ಜೀ,” ಎಂದ ಜಗದೀಶ, ಕಿಟಕಿಯಲ್ಲಿ ಗಾಳಿ ತಿನ್ನುತ್ತ ಕೂತ ಗಿಟಾರನ್ನು ನೋಡುತ್ತ. “ಏರ್ಸಿದ್ದು ನಾನೇ.”