ನಮ್ಮನೆಯ ಗ್ರಾಫ್ಟು

ಕಸಿ ಕಟ್ಟೋದಕ್ಕೆ ಗ್ರಾಫ್ಟ್ ಅಂತ ಒಂದು ಇಂಗ್ಲಿಷ್ ಮಾತಿದೆ. ಅದು ನಮ್ಮನೆ ಹೊಕ್ಕಾಗಿನಿಂದ ಏನಾದರೂ ಒಂದು ನಡೀತಾನೇ ಇದೆ. ನಾನು ಸುಮ್ಮನಿದ್ದರೂ ಅದು ಸುಮ್ಮನಿರಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಕೆಲಸ, ಮಾವಿನ ಗಿಡಕ್ಕೆ ಕಸಿ ಕಟ್ಟೋದು. ಶ್ರೀನಿವಾಸಪುರದ ಹತ್ತಿರ, ಯಲ್ದೂರು ಕಡೆ ಒಂದು ನರ್ಸರಿ. ಅಲ್ಲಿ ನಲವತ್ತು ವರ್ಷ. ಪಕ್ಕದ ಸಾಲಲ್ಲಿ ಕೂತು ಕಟ್ಟುತ್ತಿದ್ದವಳು ನನ್ನ ಹೆಂಡತಿ. ನನಗಿಂತ ಚೆನ್ನಾಗಿ ಕಟ್ಟೋಳು. ಈ ಆಷಾಢದಲ್ಲಿ ಹೋದಳು.

ಹೋಗೋಕೆ ಹತ್ತು ದಿನ ಮುಂಚೆ, ಆಸ್ಪತ್ರೆಯಿಂದ ಬಂದವಳೇ ಅಂಗಳದಲ್ಲಿ ಕೂತು ಒಂದು ಕಸಿ ಕಟ್ಟಿದಳು. ಯಾವ ತಳಿ ಅಂತ ಕೇಳಿದೆ.

"ಚಿಗುರಿದ ಮೇಲೆ ನೀವೇ ಹೇಳಿ. ಎಲೆ ಮೂಸಿ ತಳಿ ಹೇಳ್ತೀನಿ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತೀರಲ್ಲ" ಅಂದಳು.

ಅದು ಅವಳು ಕಟ್ಟಿದ ಕೊನೇ ಗಿಡ. ಅದು ಬರುತ್ತೋ ಒಣಗುತ್ತೋ, ಅವಳು ಹೋದ ಮೇಲೆ ನನಗಿದ್ದ ಚಿಂತೆ ಅದೊಂದೇ. ಅದನ್ನ ಕೊನೆಗೆ ಹೇಳ್ತೀನಿ.

ಕಸಿ ಅಂದ್ರೆ ದೊಡ್ಡ ವಿದ್ಯೆ ಏನಲ್ಲ. ನಾಟಿ ಗಿಡದ ತಲೆ ಕತ್ತರಿಸಬೇಕು. ಸೀಳಬೇಕು. ಒಳ್ಳೇ ತಳಿಯ ಕಡ್ಡಿಯನ್ನ ಎರಡೂ ಕಡೆ ಕೆತ್ತಿ ಆ ಸೀಳಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಮೇಲೊಂದು ಟೊಪ್ಪಿ. ಐಸ್‌ಕ್ಯಾಂಡಿ ತುಂಬೋ ಉದ್ದ ಕವರೇ ಟೊಪ್ಪಿ. ಆಮೇಲೆ ಇಪ್ಪತ್ತೊಂದು ದಿನ ಮುಟ್ಟಬಾರದು. ಟೊಪ್ಪಿ ಎತ್ತಿ ನೋಡಿದರೆ ಒಳಗಿನ ತೇವ ಹೋಯ್ತು, ಕಡ್ಡಿ ಒಣಗಿತು. ಕಟ್ಟೋದು ಸುಲಭ. ನೋಡದೆ ಇರೋದೇ ಕಷ್ಟ.

ಸಾಹೇಬರು

ಮೊದಲು ನಾವು ಕಸಿ ಅಂತಲೇ ಅಂತಿದ್ವಿ. ಗೌನಿಪಲ್ಲಿ ಕಡೆಯವರು ತೆಲುಗಲ್ಲಿ ಅಂಟು ಅಂತಿದ್ರು. ಒಂದು ವರ್ಷ ತೋಟಗಾರಿಕೆ ಇಲಾಖೆಯ ಒಬ್ಬ ಹೊಸ ಸಾಹೇಬರು ತರಬೇತಿ ಕೊಡೋಕೆ ಬಂದರು. ಅವರು ಬಾಯಿ ಬಿಟ್ಟರೆ ಗ್ರಾಫ್ಟ್. "ಈಗ ಗ್ರಾಫ್ಟ್ ಮಾಡೋಣ. ಹೀಗೆ ಗ್ರಾಫ್ಟ್ ಮಾಡಬೇಕು." ಹತ್ತು ಗಿಡ ಅವರೇ ಕಟ್ಟಿದರು. ಪಕ್ಕದಲ್ಲಿ ಹತ್ತು ನಮ್ಮವಳು ಕಟ್ಟಿದಳು. ಅವಳು ಚಾಕು ಹಿಡಿಯೋ ರೀತಿಯೇ ತಪ್ಪು ಅಂದರು ಸಾಹೇಬರು. ಅವಳು ತಲೆ ಆಡಿಸಿದಳು, ಹಂಗೇ ಹಿಡಿದಳು.

ತಿಂಗಳಾದ ಮೇಲೆ ನೋಡೋಕೆ ಬಂದರು. ಅವರ ಹತ್ತೂ ಒಣಗಿತ್ತು. ಇವಳ ಹತ್ತೂ ಚಿಗುರಿತ್ತು. ಸಾಹೇಬರು ಬಗ್ಗಿ ಬಗ್ಗಿ ನೋಡಿದರು. ಎದ್ದು ನಿಂತು ನಮಗೆಲ್ಲ ಹೇಳಿದರು:

"ನನ್ನದು ಸರಿಯಾಗಿದೆ, ಆದ್ರೆ ಬಂದಿಲ್ಲ. ಈಯಮ್ಮಂದು ತಪ್ಪು, ಆದ್ರೆ ಬಂದಿದೆ."

"ಹೌದು ಸಾರ್" ಅಂದಳು ನಮ್ಮವಳು. "ನೀವು ಮಾಡಿದ್ದು ಗ್ರಾಫ್ಟು. ನಾನು ಕಟ್ಟಿದ್ದು ಕಸಿ."

ಅವತ್ತಿಂದ ನಮ್ಮನೇಲಿ ಆ ಮಾತಿಗೆ ಬೇರೆ ಅರ್ಥ ಬಂತು. ಬಹಳ ಆರ್ಭಟ ಮಾಡಿ ಕೆಲಸ ಕೆಡಿಸೋದು ಅಂತ. ನನಗೊಂದು ಕೆಟ್ಟ ಚಾಳಿ. ಒಲೆ ಮೇಲೆ ಏನಿದ್ದರೂ ಮುಚ್ಚಳ ಎತ್ತಿ ನೋಡ್ತೀನಿ. ಇಡ್ಲಿ ಬೇಯೋಕೆ ಮುಂಚೆ ಎತ್ತಿದೆ ಅಂದ್ರೆ ಅವಳು ಒಳಗಿಂದ ಕೂಗೋಳು:

"ನೋಡಿ, ಇಡ್ಲೀನೂ ಗ್ರಾಫ್ಟ್ ಮಾಡಿದ್ರಿ!"

ಅಳಿಯ

ಮಾತು ನರ್ಸರಿ ದಾಟಿ ಊರೊಳಕ್ಕೆ ಹೋಯ್ತು. ಸೈಕಲ್ ಟ್ಯೂಬಿಗೆ ತೇಪೆ ಹಾಕಿದರೆ ಗ್ರಾಫ್ಟು. ಹಳೇ ಪೈಪಿಗೆ ಹೊಸ ಪೈಪು ಸಿಕ್ಕಿಸಿದರೆ ಗ್ರಾಫ್ಟು. ಹೆಂಡತಿ ಮನೇಲಿ ಬಂದು ನಿಂತ ಗಂಡ ಗ್ರಾಫ್ಟ್ ಅಳಿಯ. ಊರಿಗೆ ಮೊದಲ ಗ್ರಾಫ್ಟ್ ಅಳಿಯ ನಾನೇ. ನಾನು ಹೋಳೂರಿನವನು. ಮದುವೆ ಆಗಿ ಇಲ್ಲಿಗೆ ಬಂದವನು.

ನನ್ನ ಮಾವನೂ ಕಸಿ ಕಟ್ಟೋರೇ. ಆ ವಿದ್ಯೆ ಬಿಟ್ಟು ಬೇರೆ ಯಾವುದನ್ನೂ ನಂಬದ ಮನುಷ್ಯ. ಮದುವೆಯಾದ ಹತ್ತನೇ ದಿನ ನಮ್ಮಮ್ಮ ಹೋಳೂರಿಂದ ಬಸ್ಸು ಹತ್ತಿ, ಡಬ್ಬದಲ್ಲಿ ಒಬ್ಬಟ್ಟು ತಗೊಂಡು ನನ್ನ ನೋಡೋಕೆ ಬಂದಳು. ಮಾವ ಬಾಗಿಲಿಗೆ ಅಡ್ಡ ನಿಂತರು. ನಾನು ಒಳಗಿಂದ ಕೇಳಿಸ್ಕೊಂಡೆ.

"ಅಕ್ಕಯ್ಯಾ, ಹೇಗೆ ಬಂದ್ರಿ?"

"ಮಗನ್ನ ನೋಡ್ಕೊಂಡು ಹೋಗ್ತೀನಪ್ಪ."

"ಆಗಲ್ಲ. ಇನ್ನೂ ಹನ್ನೊಂದು ದಿನ ಇದೆ."

"ಯಾಕಪ್ಪಾ, ನನ್ನ ಮಗನಿಗೇನಾಗಿದೆ?"

"ಏನೂ ಆಗಿಲ್ಲ. ಈಗ ತಾನೇ ಹಿಡ್ಕೊಳ್ತಾ ಇದ್ದಾನೆ. ನೀವು ಮುಖ ತೋರಿಸಿದ್ರೆ ಒಣಗ್ತಾನೆ."

ಒಬ್ಬಟ್ಟಿನ ಡಬ್ಬ ಒಳಗೆ ಬಂತು. ಅಮ್ಮ ವಾಪಸ್ ಹೋದಳು. ಹನ್ನೊಂದು ದಿನ ಆದ ಮೇಲೆ ಮಾವನೇ ಹೋಳೂರಿಗೆ ಹೋಗಿ, ಅಮ್ಮನ ಮುಂದೆ ನಿಂತು ಹೇಳಿದರಂತೆ:

"ಬನ್ನಿ ಅಕ್ಕಯ್ಯಾ, ನಿಮ್ಮ ಮಗ ಚಿಗುರಿದ್ದಾನೆ."

ಡಾಕ್ಟರು

ಮುಳಬಾಗಿಲಲ್ಲಿ ನನ್ನ ಸ್ನೇಹಿತ ಒಬ್ಬ ಲಾರಿ ಡ್ರೈವರು. ರೇಡಿಯೇಟರ್ ಮುಚ್ಚಳ ತೆಗೆಯೋಕೆ ಹೋಗಿ ಕೈ ಸುಟ್ಟುಕೊಂಡ. ಮುಚ್ಚಳದ ಚಾಳಿ ನನಗೊಬ್ಬನಿಗೇ ಅಲ್ಲ. ಕೋಲಾರದಲ್ಲಿ ಆಸ್ಪತ್ರೆಗೆ ಸೇರಿಸಿದರು. ತೊಡೆಯ ಚರ್ಮ ತೆಗೆದು ಕೈಗೆ ಗ್ರಾಫ್ಟ್ ಮಾಡಬೇಕು ಅಂದರು ಡಾಕ್ಟರು. ಅವನು ನನಗೆ ಫೋನು ಮಾಡಿದ.

"ಲೇ, ನಿನ್ನ ಕೆಲಸಾನ ಇವರು ಮಾಡ್ತಾರಂತೆ. ಬಂದು ಪಕ್ಕದಲ್ಲಿ ನಿಂತ್ಕೋ."

ಹೋದೆ. ಆಪರೇಷನ್ ಆಯ್ತು. ಡಾಕ್ಟರ ಹತ್ತಿರ ಕೇಳಿದೆ. "ಬಿಗಿಯಾಗಿ ಕಟ್ಟಿದ್ದೀರಾ ಸಾರ್? ನೀರು ಇಳಿಯಲ್ಲ ತಾನೇ? ಬಿಚ್ಚಿ ನೋಡೋಕೆ ಬಿಡಬೇಡಿ."

ಡಾಕ್ಟರು ನನ್ನ ಮುಖ ನೋಡಿದರು. "ಸರಿಯಾಗಿ ಹೇಳಿದ್ರಿ. ನೀವು ಯಾವ ಆಸ್ಪತ್ರೆ?"

"ನಾನು ಮಾವಿನ ಗಿಡ, ಸಾರ್."

ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಅವನ ನೆಂಟರು ದಿನಕ್ಕೆ ನಾಲ್ಕು ಸಲ ಬಟ್ಟೆ ಸರಿಸಿ ಇಣುಕ್ತಿದ್ದರು. ನೀವೇ ಇವರಿಗೆ ಹೇಳಿ ಅಂದರು ಡಾಕ್ಟರು. ನಾನು ಅವರಿಗೂ ಅವನಿಗೂ ನಮ್ಮ ಲೆಕ್ಕ ಹೇಳಿದೆ. ಇಪ್ಪತ್ತೊಂದು ದಿನ, ಯಾರೇ ಬಂದರೂ ಮುಟ್ಟೋಕೆ ಬಿಡಬೇಡ. ಅಷ್ಟು ಹೇಳಿ ಊರಿಗೆ ಬಂದೆ.

ಐದನೇ ದಿನಕ್ಕೆ ಆಸ್ಪತ್ರೆಯಿಂದ ಫೋನು. ಡಾಕ್ಟರೇ ಮಾತಾಡಿದರು. ಹಿಂದೆ ನನ್ನ ಸ್ನೇಹಿತ ಕೂಗಾಡೋದು ಕೇಳಿಸ್ತಿತ್ತು.

"ಯಜಮಾನರೇ, ಇವತ್ತು ಕಟ್ಟು ಬದಲಾಯಿಸಬೇಕು. ಇವರು ಕೈ ಚಾಚ್ತಿಲ್ಲ. ಇನ್ನೂ ಹದಿನಾರು ದಿನ ಇದೆ ಅಂತಾರೆ. ದಯವಿಟ್ಟು ನಿಮ್ಮ ಗಿಡಕ್ಕೆ ಹೇಳಿ, ನಾನು ಡಾಕ್ಟ್ರು ಅಂತ."

ಪೆನ್ಸಿಲು

ನಮ್ಮವಳು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಹೆಬ್ಬೆಟ್ಟು. ಒಂದು ಸಲ ಊರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸೋಕೆ ಒಬ್ಬ ಟೀಚರಮ್ಮ ಬಂದರು. ಸಂಜೆ ಐದಕ್ಕೆ ಕ್ಲಾಸು. ಎಲ್ಲರಿಗೂ ಒಂದು ಸ್ಲೇಟು, ಒಂದು ಪುಸ್ತಕ, ಒಂದು ಪೆನ್ಸಿಲು.

ಪೆನ್ಸಿಲಿಗೆ ಮೊನೆ ಇರಲಿಲ್ಲ. ಇವಳು ಸೊಂಟದಿಂದ ಕಸಿ ಚಾಕು ತೆಗೆದಳು. ಎರಡೇ ಏಟು. ಈ ಕಡೆ ಒಂದು, ಆ ಕಡೆ ಒಂದು. ಕೈ ಅಭ್ಯಾಸ. ಪಕ್ಕದವಳು ನೋಡಿ ತನ್ನದೂ ಕೊಟ್ಟಳು. ಅವಳ ಪಕ್ಕದವಳೂ ಕೊಟ್ಟಳು. ಟೀಚರಮ್ಮ ತಿರುಗಿ ನೋಡೋ ಹೊತ್ತಿಗೆ ಕ್ಲಾಸಿನ ಅಷ್ಟೂ ಪೆನ್ಸಿಲು ಸಾಲಾಗಿ ಮಲಗಿದ್ದವು. ಎಲ್ಲಾದರ ತುದೀನೂ ಉಳಿ ಥರ ಚಪ್ಪಟೆ.

"ಏನಮ್ಮಾ ಇದು? ಇದರಲ್ಲಿ ಬರೆಯೋದು ಹೇಗೆ?"

ಇವಳು ಒಂದನ್ನ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕೆತ್ತಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

"ಬರೆಯೋಕೆ ಆಗುತ್ತೋ ಇಲ್ವೋ ಗೊತ್ತಿಲ್ಲಮ್ಮ. ಕಟ್ಟಿದ್ರೆ ಮಾತ್ರ ಖಂಡಿತ ಬರುತ್ತೆ."

ಮೇಷ್ಟ್ರು

ಅವಳು ಹೋದ ಐದನೇ ದಿನ ಶ್ರೀನಿವಾಸಪುರದಿಂದ ಒಬ್ಬ ಮೇಷ್ಟ್ರು ಮಾತಾಡಿಸೋಕೆ ಬಂದರು. ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ನಮ್ಮ ನರ್ಸರಿ ಗಿಡಗಳನ್ನೇ ತೋಟಕ್ಕೆ ಹಾಕಿದ್ದಾರೆ. ಸಾವಿನ ಮನೇಲಿ ಏನು ಮಾತಾಡಬೇಕು ಅಂತ ಅವರಿಗೂ ತಿಳೀಲಿಲ್ಲ. ನನಗೂ ತಿಳೀಲಿಲ್ಲ. ಅಂಗಳದ ಗಿಡ ನೋಡಿದರು.

"ಈ ಗ್ರಾಫ್ಟ್ ಅನ್ನೋ ಮಾತು ಮೊದಲು ಗಿಡದ್ದೇ ಅಲ್ಲ, ಗೊತ್ತಾ?" ಅಂದರು. "ಬರೆಯೋ ಕಡ್ಡಿಯ ಹೆಸರು ಅದು. ಬಹಳ ಹಿಂದೆ ಗ್ರೀಕರು ಮೇಣದ ಹಲಗೆ ಮೇಲೆ ಚೂಪು ಕಡ್ಡೀಲಿ ಬರೀತಿದ್ರು. ಆ ಕಡ್ಡಿ ಹೆಸರು ಒಂದು ನಾಡಿಂದ ಇನ್ನೊಂದು ನಾಡಿಗೆ ಹೋಯ್ತು. ಕಸಿಗೆ ಕೆತ್ತಿದ ಕಡ್ಡೀನೂ ಹಂಗೇ ಕಾಣುತ್ತಲ್ಲ, ಅದಕ್ಕೂ ಅದೇ ಹೆಸರು ಇಟ್ಟರು. ಆಮೇಲೆ ಕಟ್ಟೋ ಕೆಲಸಕ್ಕೇ ಆ ಹೆಸರು ಬಂತು. ಆಮೇಲೆ ಡಾಕ್ಟರು ಚರ್ಮಕ್ಕೆ ತಗೊಂಡರು. ಇಂಗ್ಲೆಂಡಲ್ಲಿ ಮೈ ಮುರಿದು ದುಡಿಯೋದಕ್ಕೂ ಅದೇ ಅಂತಾರೆ. ಅಮೆರಿಕದಲ್ಲಿ ಲಂಚ ತಿನ್ನೋದಕ್ಕೆ. ಆ ಎರಡು ಹೇಗೆ ಬಂತು ಅಂತ ಪಂಡಿತರಿಗೇ ಸರಿಯಾಗಿ ಗೊತ್ತಿಲ್ಲ."

ನನಗೆ ಇವಳು ಕೆತ್ತಿದ ಪೆನ್ಸಿಲು ನೆನಪಾಯ್ತು. ಅಕ್ಷರ ಬಾರದವಳು. ನಲವತ್ತು ವರ್ಷ ಬರೆಯೋ ಕಡ್ಡೀನೇ ಕೆತ್ತಿದಳು. ಆ ಟೀಚರಮ್ಮನಿಗೆ ಇದು ಗೊತ್ತಿದ್ದರೆ ಬೈತಿರಲಿಲ್ಲ.

"ಮೇಷ್ಟ್ರೇ, ಒಂದು ಅರ್ಥ ಬಿಟ್ಟಿದ್ದೀರಿ" ಅಂದೆ. ಇಡ್ಲಿ ವಿಷಯ ಹೇಳಿದೆ.

ಅವರು ನಗಲಿಲ್ಲ. ಮನೆಗೆ ಹೋಗಿ ದಪ್ಪ ನಿಘಂಟು ತೆಗೆದು, ಅಂಚಲ್ಲಿ ಬರೆದರಂತೆ. ಆಮೇಲೆ ತಂದು ಓದಿ ತೋರಿಸಿದರು:

"ಯಲ್ದೂರು ಕಡೆ: ಬೇಯುವ ಮುನ್ನ ಮುಚ್ಚಳ ಎತ್ತಿ ಕೆಡಿಸು."

ಕೊನೇ ಗಿಡ

ಈಗ ಆ ಗಿಡದ ವಿಷಯ. ಅವಳು ಹೋದ ಮೇಲೆ ಮನೆಗೆ ಬಂದವರೆಲ್ಲ ಅಂಗಳದಲ್ಲಿ ನಿಂತು ಅದನ್ನೇ ನೋಡೋರು. ಯಾವ ತಳಿ? ಚಿಗುರಿತಾ? ಒಂಚೂರು ಎತ್ತಿ ನೋಡ್ಲಾ? ಮಾಲೂರಿಗೆ ಕೊಟ್ಟಿರೋ ಮಗಳು ಕೈ ಚಾಚಿದಾಗ ಗದರಿಸಿಬಿಟ್ಟೆ. ಪಾಪ, ಅವಳೂ ತಾಯಿ ಕಳ್ಕೊಂಡವಳು. ಕುರ್ಚಿ ಹಾಕ್ಕೊಂಡು ಪಕ್ಕದಲ್ಲೇ ಕೂತೆ. ನಾಯಿ ಬಂದರೆ ಓಡಿಸಿದೆ. ಮಳೆ ಬಂದರೆ ಛತ್ರಿ ಹಿಡಿದೆ. ನನಗೆ ಹಿಡೀಲಿಲ್ಲ.

ಈಗ ನಿಜ ಹೇಳ್ತೀನಿ. ದಿನಾ ಬೆಳಿಗ್ಗೆ ಯಾರೂ ಏಳೋಕೆ ಮುಂಚೆ, ನಾನೇ ಟೊಪ್ಪಿ ಒಂದು ಬೆರಳಷ್ಟು ಎತ್ತಿ ನೋಡ್ತಿದ್ದೆ. ನಲವತ್ತು ವರ್ಷ ಸಾವಿರಾರು ಜನಕ್ಕೆ ಬೇಡ ಅಂದವನು. ತಡೆಯೋಕೆ ಆಗಲಿಲ್ಲ. ಅವಳ ಕೈ ಮುಟ್ಟಿದ್ದು ಅದೊಂದು ಜೀವಂತ ಇತ್ತು.

ಇಪ್ಪತ್ತೊಂದನೇ ದಿನ ಸರಿಯಾಗಿ ಅವಳ ಹನ್ನೊಂದನೇ ದಿನದ ತಿಥಿ ಬಂತು. ಊಟ ಆಯ್ತು. ನೆಂಟರೆಲ್ಲ ಅಂಗಳದಲ್ಲಿ ಸುತ್ತ ನಿಂತರು. ಹೋಳೂರಿನವರು, ಮುಳಬಾಗಿಲ ಡ್ರೈವರು, ಮೇಷ್ಟ್ರು, ಮಗಳು, ಪಕ್ಕದ ಮನೆ ಹೆಂಗಸು. ಈ ಪಕ್ಕದ ಮನೆಯವಳು ನಮ್ಮವಳಿಗೆ ತಂಗಿ ಇದ್ದಂಗೆ. ನಾನು ಟೊಪ್ಪಿ ತೆಗೆದೆ.

ಕಡ್ಡಿ ಒಣಗಿ ಕರ್ರಗೆ ಆಗಿತ್ತು.

ನಾನು ಅಲ್ಲೇ ಕೂತುಬಿಟ್ಟೆ. ನನ್ನ ಕೈಯಾರೆ ಕೊಂದೆ ಅನ್ನಿಸಿತು. ಪಟ್ಟಿ ಬಿಚ್ಚಿ ಕಡ್ಡಿ ಕೈಗೆ ತಗೊಂಡೆ. ತೊಗಟೆ ಕೆರೆದೆ. ಮೂಸಿದೆ. ಮತ್ತೆ ಮೂಸಿದೆ. ಮಾವಿನ ವಾಸನೆ ಇಲ್ಲ.

ಡ್ರೈವರು ನನ್ನ ಕೈಯಿಂದ ಕಿತ್ತುಕೊಂಡು ನೋಡಿದ.

"ಲೇ, ಇದು ಹೊಂಗೆ ಕಡ್ಡಿ ಕಣೋ! ನಿಮ್ಮನೆ ಬೇಲೀದು!"

ಹೊಂಗೆನೇ. ನಲವತ್ತು ವರ್ಷದ ಕಸಿಗಾರ ಅಷ್ಟೂ ದಿನ ಹೊಂಗೆ ಕಡ್ಡಿಗೆ ಛತ್ರಿ ಹಿಡಿದಿದ್ದೆ. ದಿನಾ ಇಣುಕಿದ್ದೆ, ಗುರುತು ಸಿಕ್ಕಿರಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದರೆ ಎಲ್ಲಾ ಕಡ್ಡಿನೂ ಒಂದೇ ಥರ ಕಾಣುತ್ತೆ.

ಆಗ ಪಕ್ಕದ ಮನೆಯವಳು ಸೆರಗು ಬಾಯಿಗೆ ಹಿಡಿದು ಓಡಿದಳು. ಅಳ್ತಿದ್ದಾಳೆ ಅಂದ್ಕೊಂಡೆ. ಅವಳು ಅವರ ಕೋಳಿ ಗೂಡಿನ ಹಿಂದಿಂದ ಇನ್ನೊಂದು ಗಿಡ ಎತ್ಕೊಂಡು ಬಂದಳು. ಅದೇ ಪಟ್ಟಿ, ಅದೇ ಗಂಟು. ತುದೀಲಿ ತಾಮ್ರದ ಬಣ್ಣದ ಎರಡು ಎಲೆ.

"ಅಕ್ಕ ಒಂದೇ ದಿನ ಎರಡು ಕಟ್ಟಿದಳಣ್ಣ" ಅಂದಳು. "ಅದನ್ನ ಅವರ ಕಣ್ಣ ಮುಂದೆ ಇಡ್ತೀನಿ, ಇಣುಕಿ ಇಣುಕಿ ಒಣಗಿಸಲಿ, ಅದು ಗ್ರಾಫ್ಟು. ಇದನ್ನ ನೀನು ಬಚ್ಚಿಡು, ಇದು ಕಸಿ ಅಂದಳು."

ತಿಥಿ ಮನೆ ಅಂತ ಯಾರಿಗೂ ನೆನಪಿರಲಿಲ್ಲ. ಮಗಳು ನಕ್ಕು ನಕ್ಕು ಗೋಡೆ ಹಿಡ್ಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸ್ಕೊಂಡರು. ನಾನೂ ನಕ್ಕೆ. ಅವಳು ಹೋದ ಮೇಲೆ ಅದೇ ಮೊದಲು.

ಗಿಡಕ್ಕೆ ಕೈ ಚಾಚಿದೆ. ಅವಳು ಹಿಂದಕ್ಕೆ ಸರಿದಳು. ಎರಡನೇ ಸಲ ಚಿಗುರೋವರೆಗೂ ಕೊಡಬೇಡ ಅಂದಿದ್ದಾಳಂತೆ ನಮ್ಮವಳು. ತಳಿ ಯಾವುದು ಅಂತ ಪಕ್ಕದ ಮನೆಯವಳಿಗೂ ಗೊತ್ತಿಲ್ಲವಂತೆ. ಎಲೆ ಮೂಸೋಕೂ ಬಿಡಲ್ಲ.

ಅದಕ್ಕೇ ಏನಾದರೂ ನೆಪ ಮಾಡ್ಕೊಂಡು ಆ ಮನೆಗೆ ಹೋಗ್ತೀನಿ. ಒಂದು ದಿನ ಕರಿಬೇವು. ಒಂದು ದಿನ ಬೆಂಕಿಪೆಟ್ಟಿಗೆ. ಮೊನ್ನೆ ಲೋಟ ಹಿಡ್ಕೊಂಡು ಸಕ್ಕರೆ ಕೇಳೋಕೆ ಹೋದೆ. ಮೂರನೇ ಸಲ. ಅವಳು ಬಾಗಿಲಲ್ಲೇ ನಿಂತು ಹೇಳಿದಳು:

"ಅಣ್ಣಾ, ಗಿಡ ಚೆನ್ನಾಗಿದೆ. ಅಕ್ಕ ಅವತ್ತೇ ಇನ್ನೊಂದು ಮಾತೂ ಹೇಳಿದ್ದಳು: ಅವರು ಸಕ್ಕರೆ ಕೇಳೋಕೆ ಬರ್ತಾರೆ, ನಮ್ಮನೆ ಸಕ್ಕರೆ ಡಬ್ಬ ನಾನೇ ತುಂಬಿಟ್ಟಿದ್ದೀನಿ ಅಂತ ಹೇಳು ಅಂತ."