ಡಿಸ್ಕ್ ಕಿತ್ತರೆ ಏಳದ ಕಂಪ್ಯೂಟರ್‌ಗಳು

ಕೊಳ್ಳೇಗಾಲದಲ್ಲಿ ನಾನು ಕಂಪ್ಯೂಟರ್ ರಿಪೇರಿಗೆ ಕೂತು ಹನ್ನೆರಡು ವರ್ಷವಾಯಿತು. ಕೆಟ್ಟ ಕಂಪ್ಯೂಟರ್ ತಂದವರೆಲ್ಲ ಮೊದಲು ಹೇಳುವ ಮಾತು ಒಂದೇ: "ನಾನೇನೂ ಮಾಡ್ನಿಲ್ಲ ಸಾ." ಈಚೆಗೆ ಹೊರಗಿನ ಡಿಸ್ಕಿಗೆ ಹೊಸ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್, ಹಾಕಿಸಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಅಂಗೈಯಗಲದ ಡಿಸ್ಕು, ಒಂದು ಕೇಬಲ್, ಅಷ್ಟೇ. ನಾಲ್ಕು ದಿನ ಚೆನ್ನಾಗಿ ನಡೆಯುತ್ತದೆ. ಆಮೇಲೆ ಕಂಪ್ಯೂಟರ್ ಏಳುವುದಿಲ್ಲ, ಅವರು ನನ್ನನ್ನು ಕೂರಲು ಬಿಡುವುದಿಲ್ಲ.

ಬೀರುವಿನೊಳಗಿನ ಪ್ರಾಣ

ಇದರಲ್ಲಿ ತಪ್ಪು ನನ್ನದೇ. ಯಳಂದೂರಿನ ಒಬ್ಬ ಮೇಷ್ಟ್ರು, ಹಳೇ ಸಿಸ್ಟಮ್ ಲ್ಯಾಪ್‌ಟಾಪಿನೊಳಗೆ ಹಾಗೇ ಇರಲಿ, ಹೊಸದು ಹೊರಗಿನ ಡಿಸ್ಕಿನಲ್ಲಿರಲಿ ಎಂದಿದ್ದರು. ಹಾಗೇ ಹಾಕಿಕೊಟ್ಟೆ. ಆದರೆ ಲ್ಯಾಪ್‌ಟಾಪನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಕೂಡ ಆ ಹೊರಗಿನ ಡಿಸ್ಕಿಗೇ ಹೋಗಿ ಕೂತಿದ್ದನ್ನು ನೋಡಿಕೊಳ್ಳಲಿಲ್ಲ. ಡಿಸ್ಕು ಚುಚ್ಚಿದ್ದರೆ ಎರಡೂ ಸಿಸ್ಟಮ್ ಏಳುತ್ತವೆ. ಕಿತ್ತರೆ ಎರಡೂ ಇಲ್ಲ.

ವಾರದ ಮೇಲೆ ಫೋನ್ ಬಂತು. "ಸಾರ್, ಪರದೆ ಕಪ್ಪಗಿದೆ. ಮಕ್ಕಳ ಮಾರ್ಕ್ಸೆಲ್ಲ ಒಳಗಿದೆ. ಸಾಯಂಕಾಲದೊಳಗೆ ಕಳಿಸ್ಬೇಕು."

ಬಸ್ ಹತ್ತಿ ಹೋದೆ. ಮೇಷ್ಟ್ರ ಮುಖ ಬಾಡಿತ್ತು. "ಡಿಸ್ಕೆಲ್ಲಿ ಸಾರ್?" ಎಂದೆ.

"ಬೀರುನಲ್ಲಿಟ್ಟು ಬೀಗ ಹಾಕಿದೀನಿ. ಬೆಲೆಬಾಳೋ ವಸ್ತು ಅಂತ."

ತರಿಸಿ ಚುಚ್ಚಿದೆ. ಎದ್ದಿತು. ಒಂದು ಮಾರ್ಕೂ ಹೋಗಿರಲಿಲ್ಲ. ಎಬ್ಬಿಸುವ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನೊಳಗೂ ಹಾಕಿ, ನನ್ನ ತಪ್ಪು ಒಪ್ಪಿಕೊಂಡೆ. ಮೇಷ್ಟ್ರು ಉಸಿರು ಬಿಟ್ಟು, "ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಣೀಲಿತ್ತು ಅಂತ ಮಕ್ಕಳಿಗೆ ಕತೆ ಹೇಳ್ತೀನಿ. ಆ ಗಿಣೀನ ನಾನೇ ಬೀರುಗೆ ಹಾಕಿ ಬೀಗ ಜಡಿದಿದ್ದೆ ನೋಡಿ" ಎಂದರು.

ಬೂಟಿಲ್ಲದ ಮನೆ

ಕಾಮಗೆರೆಯಲ್ಲಿ ಒಬ್ಬರು ಮನೆಯಲ್ಲೇ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಅವರಿಗೂ ಹೊರಗಿನ ಡಿಸ್ಕು ಹಾಕಿಕೊಟ್ಟಿದ್ದೆ. ಒಂದು ದಿನ ಅವರ ತಾಯಿ ಫೋನ್ ಮಾಡಿದರು. ಮಗ ಊರಲ್ಲಿಲ್ಲ, ಮದುವೆ ಫೋಟೋ ನೋಡಲು ಹೆಣ್ಣಿನ ಅಪ್ಪ ಬಂದು ಕೂತಿದ್ದಾರೆ, ಲ್ಯಾಪ್‌ಟಾಪ್ ಏಳುತ್ತಿಲ್ಲ, ಫೋಟೋ ಎಲ್ಲ ಹೋಯಿತೋ ಏನೋ.

"ಪರದೆ ಮೇಲೆ ಏನು ಬರ್ದಿದೆ ಅವ್ವ?"

ಹೆಣ್ಣಿನ ಅಪ್ಪನಿಂದ ಓದಿಸಿ ಹೇಳಿದರು. "ಬೂಟಿಲ್ಲ ಅಂತ ಬರ್ದದಂತೆ. ನಮ್ಮನೇಲಿ ಬೂಟು ಯಾರೂ ಆಕ್ಕಳಲ್ಲ ಕಣಪ್ಪ, ಎಲ್ಲಾರ್ದೂ ಚಪ್ಲಿನೆಯ."

ಕಂಪ್ಯೂಟರ್ ಭಾಷೆಯಲ್ಲಿ ಬೂಟ್ ಅಂದರೆ ಏಳುವುದು. ಯಾವುದೋ ಪೆನ್‌ಡ್ರೈವ್ ಚುಚ್ಚಿರಬೇಕು, ಲ್ಯಾಪ್‌ಟಾಪ್ ಮೊದಲು ಅದರೊಳಗೆ ಸಿಸ್ಟಮ್ ಹುಡುಕಿ ನಿಂತುಬಿಟ್ಟಿದೆ ಎನಿಸಿತು. "ಆ ಕಪ್ಪು ಡಿಸ್ಕೊಂದು ಬಿಟ್ಟು ಚುಚ್ಚಿರೋದನ್ನೆಲ್ಲ ಕಿತ್ತುಬಿಡಿ, ಆಮೇಲೆ ಆನ್ ಮಾಡಿ" ಎಂದೆ. ಸ್ವಲ್ಪ ಹೊತ್ತಿಗೆ ಅವರ ದನಿಯಲ್ಲಿ ಜೀವ ಬಂತು. "ಬಂತು ಕಣಪ್ಪ. ಮದ್ವೆ ಫೋಟೋ ಎಲ್ಲಾ ಅವೆ."

ಸಂಜೆ ಮಗ ಫೋನ್ ಮಾಡಿದರು. "ಲ್ಯಾಪ್‌ಟಾಪ್ ಚೆನ್ನಾಗದೆ ಸಾ. ಆದ್ರೆ ನಮ್ಮವ್ವ ಟೀವಿ, ಮಿಕ್ಸಿ, ಫ್ರಿಜ್ಜು ಎಲ್ಲದ್ರ ವೈರೂ ಕಿತ್ತಾಕವ್ಳೆ. ಚುಚ್ಚಕೋದ್ರೆ, ಆ ಸಾನ ಕೇಳ್ದೆ ಮುಟ್ಬೇಡ ಅಂತಾಳೆ. ವಸಿ ನೀವೇ ಅವ್ಳಿಗೆ ಒಂದ್ಮಾತು ಯೋಳಿ."

ಪೇಟೆ ರುಚಿ

ಹೂಗ್ಯಂನಲ್ಲಿ ಗಂಡ ಹೆಂಡತಿ ಇಬ್ಬರು ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಅವರ ಕಂಪ್ಯೂಟರಿನ ಸಿಸ್ಟಮ್ ಪೂರ್ತಿ ಹೊರಗಿನ ಡಿಸ್ಕಿನಲ್ಲೇ ಇತ್ತು. ಒಂದು ದಿನ ಏಳಲಿಲ್ಲ. ಗಂಡ ಕಂಪ್ಯೂಟರ್ ಡಬ್ಬವನ್ನೂ ಡಿಸ್ಕನ್ನೂ ಹೊತ್ತು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದರು. ನನ್ನ ಮೇಜಿನ ಮೇಲೆ ಒತ್ತಿದ ಕೂಡಲೇ ಎದ್ದಿತು. ಊರಿಗೆ ಹೋದರು, ಏಳಲಿಲ್ಲ. ಮತ್ತೆ ತಂದರು, ಎದ್ದಿತು. ಮೂರನೇ ಸಲ ಬಂದಾಗ, "ಇದ್ಕೆ ಪೇಟೆ ರುಚಿ ಅತ್ಕಂಡದೆ ಅಂತಾಳೆ ಸಾ ನಮ್ಮೆಂಗಸ್ರು" ಎಂದರು. ಅವರು ನಗಲಿಲ್ಲ. ಊರಿನ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತೇ ಕೊನೆ ದಿನ. ಕಾಗದಪತ್ರವೆಲ್ಲ ಅವರ ಅಂಗಡಿಯಲ್ಲಿತ್ತು.

ಜೊತೆಯಲ್ಲೇ ಹೊರಟೆ. ಅಲ್ಲಿ ಜೋಡಿಸುವಾಗ ಅವರ ಕೇಬಲ್ ಕೈಗೆ ಬಂತು. ಮೂರು ಸಲವೂ ಅದನ್ನು ಊರಲ್ಲೇ ಬಿಟ್ಟು ಬಂದಿದ್ದರು. ನಾನು ನನ್ನದನ್ನೇ ಹಾಕಿ ನೋಡಿದ್ದೆ. ಈ ಕೇಬಲ್ಲಿನ ತುದಿ ಕೆಂಪಗಿತ್ತು.

"ಇದೇನಮ್ಮ?"

"ಕುಂಕ್ಮ ಸಾ. ಶುಕ್ರಾರ ಶುಕ್ರಾರ ಇಡ್ತೀನಿ. ಡಬ್ಬಕ್ಕಿಟ್ರೆ ಇವ್ರು ಒರ್ಸಾಕ್ತಾರೆ. ಅದ್ಕೆ ಕಾಣ್ದಂಗೆ ಇದ್ರ ಬಾಯೊಳಿಕ್ಕೆ ಇಡ್ತೀನಿ."

ಗಂಡ ಮೂರು ಸಲ ಹೊತ್ತ ಡಬ್ಬವನ್ನೇ ನೋಡುತ್ತ ನಿಂತರು.

ನನ್ನ ಕೇಬಲ್ ಚುಚ್ಚಿದೆ. ಎದ್ದಿತು. ಸಂಜೆಯೊಳಗೆ ಅಷ್ಟೂ ಮಕ್ಕಳ ಅರ್ಜಿ ಹೋಯಿತು. ಆಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು. ನಾನು ಡಿಸ್ಕಿಗೆ ಕೈ ಅಡ್ಡ ಹಿಡಿದೆ.

"ಅದ್ಕಲ್ಲ ಸಾ, ನಿಮ್ಗೆ" ಎಂದು ನನ್ನ ಹಣೆ ತುಂಬ ಇಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರು ನನ್ನ ಹಣೆ ನೋಡಿ, "ಬೆಟ್ಟಕ್ಕೋಗಿದ್ರಾ ಸಾ? ದರ್ಸನ ಚೆನ್ನಾಗಾಯ್ತಾ?" ಎಂದರು.

"ಬೆಟ್ಟಕ್ಕಲ್ಲ ಯಜಮಾನ್ರೆ, ಕೇಬಲ್‌ಗೆ ಹೋಗಿದ್ದೆ."

ಅವರು ಕೈಮುಗಿದು, "ಅದ್ಯಾವ್ ಕಡೆ ಸಾ? ನಾವಿನ್ನೂ ಓಗಿಲ್ಲ" ಎಂದರು.