ಸ್ಪ್ರಿಂಗ್ ವ್ಯಾಲಿಯ ಮುಷ್ಟಿಯಲ್ಲಿ ನಾನು

ಫೋಟೋ ತೆಗೆಯುವುದರಲ್ಲಿ ನನಗೆ ದೈವದತ್ತ ಪ್ರತಿಭೆಯಿದೆ ಎಂಬುದು ಕ್ಯಾಮೆರಾ ಕೊಂಡ ಎರಡನೇ ದಿನವೇ ನನಗೆ ಮನವರಿಕೆಯಾಗಿತ್ತು. ಹಾಗಾಗಿ ನೈರೋಬಿಯ ನಮ್ಮ ಕನ್ನಡ ಬಳಗದವರು ಛಾಯಾಚಿತ್ರ ಪ್ರದರ್ಶನ ಏರ್ಪಡಿಸಿದಾಗ, ಎಲ್ಲರಂತೆ ಸಿಂಹ, ಜಿರಾಫೆಗಳ ಹಿಂದೆ ಅಲೆಯುವುದು ನನ್ನ ಘನತೆಗೆ ತಕ್ಕದ್ದಲ್ಲ ಅನಿಸಿತು.

ನಾನು ಆರಿಸಿಕೊಂಡದ್ದು ನಗರದ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಪಾಳು ಬಂಗಲೆಯೊಂದರ ತೋಟ. ಹಿಂದೆ ಪೂರ್ವ ಯುರೋಪಿನ ಯಾವುದೋ ಕಮ್ಯುನಿಸ್ಟ್ ದೇಶದ ರಾಯಭಾರ ಕಚೇರಿಯವರು ಅಲ್ಲೊಂದು ಸ್ಮಾರಕ ಕಟ್ಟಿಸಿದ್ದರು. ಅವರ ಸರ್ಕಾರ ಬಿತ್ತು. ಅವರು ಗಂಟುಮೂಟೆ ಕಟ್ಟಿ ಹೊರಟರು. ಸ್ಮಾರಕ ಎಲ್ಲಿಗೆ ಹೋದೀತು?

ಶನಿವಾರ ಬೆಳಿಗ್ಗೆ ಹೆಂಡತಿ ಸುಮಾಳೊಂದಿಗೆ ಹೋದೆ. ಕಾವಲುಗಾರ ಮುಟುವಾ, ಎಪ್ಪತ್ತು ದಾಟಿದ ಹಿರಿಯರು, ನಗುತ್ತ ಗೇಟು ತೆಗೆದರು.

ನೆಲವನ್ನು ಸೀಳಿಕೊಂಡು ಎದ್ದ ಕಾಂಕ್ರೀಟಿನ ತೋಳು! ಎರಡಾಳೆತ್ತರ. ತುದಿಯಲ್ಲಿ ಕಾರ್ಮಿಕನ ಮುಷ್ಟಿ. ತೋಳಿನ ಸುತ್ತ ನೀಲಿ ಗಾಜಿನ ಚೂರುಗಳಲ್ಲಿ ಗೋಧಿಯ ತೆನೆ, ಹಲ್ಲುಚಕ್ರ. ಒಡೆದ ಉಗುರನ್ನೂ ಬಿಡದೆ ಮೂಡಿಸಿದ್ದ ಪುಣ್ಯಾತ್ಮ ಶಿಲ್ಪಿ. ಗಾಜು ಈಗ ತಾನೇ ತೊಳೆದಂತೆ ಹೊಳೆಯುತ್ತಿತ್ತು.

"ತೊಳೆಯೋದು ನಾನೇ," ಎಂದರು ಮುಟುವಾ. "ಯಾರೂ ಹೇಳಿಲ್ಲ. ಆ ಜನ ಹೋದರು, ಹೋಗಲಿ. ಕೈ ಏನು ತಪ್ಪು ಮಾಡಿದೆ? ನಮ್ಮಪ್ಪನ ಕೈ ಹೀಗೇ ಇತ್ತು."

ಅರವತ್ತು ಫೋಟೋ ತೆಗೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದಸ್ಥನಾಗಿ ಮನೆ ಸೇರುತ್ತಿದ್ದೆ. ಆದರೆ ತೋಳಿನೊಳಗೆ ಪೊಳ್ಳು, ಮುಷ್ಟಿಯಲ್ಲಿ ದೀಪ ಹಚ್ಚಲು ಏಣಿಯಿದೆ ಎಂದು ಮುಟುವಾ ಬಾಯಿಬಿಟ್ಟರು!

"ಮೇಲಿಂದ ಒಂದು ಆ್ಯಂಗಲ್ ತಗೋತೀನಿ," ಎಂದೆ.

"ರೀ, ಆ ತೂತು ನೋಡಿ, ನಿಮ್ಮ ಹೊಟ್ಟೆ ನೋಡಿ. ಸುಮ್ನೆ ಬನ್ನಿ!"

ಕಲಾವಿದನಿಗೆ ಹೊಟ್ಟೆಯ ಲೆಕ್ಕ ಯಾಕೆ? ಹತ್ತಿದೆ. ಹೆಬ್ಬೆರಳು, ತೋರುಬೆರಳ ನಡುವಿನ ಕಿಂಡಿಯಿಂದ ತಲೆ ಬಂತು, ಭುಜ ಬಂತು, ಅರ್ಧ ಹೊಟ್ಟೆ ಬಂತು. ಉಳಿದರ್ಧ ಬರಲೊಪ್ಪಲಿಲ್ಲ. ಬಂದ ಅರ್ಧ ಹಿಂದಕ್ಕೂ ಹೋಗಲೊಪ್ಪಲಿಲ್ಲ!

"ಸುಮಾ! ಸಿಕ್ಕಿಹಾಕ್ಕೊಂಡೆ ಕಣೇ!"

"ಒಂದ್ನಿಮಿಷ, ಕೈ ಎತ್ತಿ," ಎಂದಳು. ಎಳೆಯುತ್ತಾಳೇನೋ ಎಂದು ಎರಡೂ ಕೈ ಎತ್ತಿದೆ. ಮೊಬೈಲಿನಲ್ಲಿ ಫೋಟೋ ತೆಗೆದಳು!

ಅಷ್ಟರಲ್ಲಿ ಮುಟುವಾ ಅಡುಗೆಯ ಕೊಬ್ಬಿನ ಡಬ್ಬಿ ಹಿಡಿದು ಒಳಗಿನಿಂದ ಹತ್ತಿ ಬಂದರು. "ಪೋಲೆ ಪೋಲೆ, ಬ್ವಾನಾ. ನಿಧಾನ ಸ್ವಾಮಿ, ನಿಧಾನ," ಎನ್ನುತ್ತ ಸೊಂಟದ ಸುತ್ತ ಬಳಿದರು. ಕೆಳಗಿನಿಂದ ಸುಮಾ, "ಉಸಿರು ಬಿಡಿ, ಇನ್ನೂ ಬಿಡಿ!" ಎಂದು ಕೂಗುತ್ತಿದ್ದಳು. ಹೆರಿಗೆ ಕೋಣೆಯ ಗಲಾಟೆ! ಮುಕ್ಕಾಲು ಗಂಟೆಯ ಮೇಲೆ ಪ್ಯಾಂಟಿನ ಎರಡು ಗುಂಡಿಗಳನ್ನು ಸ್ಮಾರಕಕ್ಕೆ ಅರ್ಪಿಸಿ ನಾನು ಜಾರಿದೆ. ಎಪ್ಪತ್ತು ದಾಟಿದ ಆ ಹಿರಿಯರು ನನ್ನ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತು ಒಂದೊಂದೇ ಮೆಟ್ಟಿಲು ಇಳಿಸಿದರು. "ಅಸಾಂಟೆ, ಧನ್ಯವಾದ" ಎಂದು ಕೈ ಮುಗಿದರೆ, ಅವರು ಮೊದಲು ವಿಚಾರಿಸಿದ್ದು ಮುಷ್ಟಿಗೇನಾದರೂ ಏಟಾಯಿತೇ ಎಂದು!

ಪ್ರದರ್ಶನಕ್ಕೆ ನನ್ನ ಅರವತ್ತರಲ್ಲಿ ಒಂದೂ ಆಯ್ಕೆಯಾಗಲಿಲ್ಲ. ಸುಮಾ ಸದ್ದಿಲ್ಲದೆ ಕಳಿಸಿದ್ದ ಆ ಒಂದು ಮೊಬೈಲ್ ಫೋಟೋಗೇ ಮೊದಲ ಬಹುಮಾನ. ತೀರ್ಪುಗಾರರಾಗಿದ್ದ ಬಳಗದ ಮೇಷ್ಟ್ರೊಬ್ಬರು ಕನ್ನಡಕ ಏರಿಸಿ ವಿವರಿಸಿದರು: "ಕಾರ್ಮಿಕನ ಮುಷ್ಟಿಯಲ್ಲಿ ಸಿಕ್ಕಿ ಒದ್ದಾಡ್ತಿರೋ ಬಂಡವಾಳಶಾಹಿ! ಎಂಥಾ ಕಲ್ಪನೆ ತಾಯಿ! ಈ ವೇಷ ಹಾಕಿದ ನಟ ಯಾರು?"

ಸುಮಾ ನನ್ನತ್ತ ಬೆರಳು ತೋರಿಸಿದಳು. ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಡುವಿನಲ್ಲಿ ಸ್ವಲ್ಪ ಹೊತ್ತು ತಂಗಿ, ಗೌರವದಿಂದ ಕೇಳಿದರು:

"ಹೊಟ್ಟೆಗೆ ಏನು ಕಟ್ಕೊಂಡಿದ್ರಿ ಸಾರ್, ದಿಂಬಾ?"